ಬಸ್ ಸ್ಟ್ಯಾಂಡಿನ ವಿಷಗಪ್ಪೆ

"ಏನೇ ರಾಧಾಮಣಿ, ಬಸ್ ಸ್ಟ್ಯಾಂಡ್ ಮೇಲೆ ನೀನೇ ಕುಂತಿದ್ದೀಯಲ್ಲೇ!"

ಶಬ್ನಮ್ ತನ್ನ ಮೊಬೈಲನ್ನು ನನ್ನ ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದಳು. ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಎದುರಿಗೆ ಅವಳ ಮೊಬೈಲ್ ರಿಪೇರಿ ಅಂಗಡಿ. ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಮ್ಮ ರೇಷ್ಮೆ ಹುಳುಮನೆಗೆ ಸುಣ್ಣದ ಪುಡಿ ಒಯ್ಯಲು ಬಂದಿದ್ದ ನಾನು ಚೀಲ ಕೆಳಗಿಟ್ಟು ನೋಡಿದೆ.

ಪರದೆಯಲ್ಲಿ ನಮ್ಮದೇ ಬಸ್ ಸ್ಟ್ಯಾಂಡಿನ ನಕ್ಷೆ. ಅದರ ಮೇಲೊಂದು ಕೋಟೆ. ಕೋಟೆಯ ತುದಿಯಲ್ಲಿ ನೇರಳೆ ಬಣ್ಣದ, ಊದಿಕೊಂಡ, ಬಾಯಿಂದ ಹಸಿರು ಜೊಲ್ಲು ಸುರಿಸುವ ಒಂದು ಕಪ್ಪೆ. ಅದರ ಕೆಳಗೆ ದಪ್ಪಕ್ಷರದಲ್ಲಿ: ರಾಧಾಮಣಿ. ಇನ್ನೂ ಕೆಳಗೆ, ಸಣ್ಣದಾಗಿ: ಸಾಕಿದವರು, ಅನಂತರಾಜು.

"ಇದು ಆ ಪ್ರಾಣಿ ಹಿಡಿಯೋ ಗೇಮು ಕಣೇ," ಎಂದಳು ಶಬ್ನಮ್. "ಗೆದ್ದೋರು ತಮ್ಮ ಪ್ರಾಣಿನ ಕೋಟೆ ಮೇಲೆ ಕೂರಿಸ್ತಾರೆ. ಊರಲ್ಲಿ ಗೇಮ್ ಆಡೋರಿಗೆಲ್ಲ ಕಾಣ್ತದೆ. ಈ ಕಪ್ಪೆ ವಿಷದ ಜಾತಿ. ಯಾರಪ್ಪ ಈ ಅನಂತರಾಜು?"

ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ವಾರ ನನ್ನನ್ನು ನೋಡಲು ಬಂದಿದ್ದ ಗಂಡು. ಮಾಗಡಿ ಕಡೆಯವನು, ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಹಿರಿಯರು "ಒಸಿ ಮಾತಾಡ್ಕಳಿ" ಎಂದು ನಮ್ಮಿಬ್ಬರನ್ನು ಪಂಪ್‌ಹೌಸ್ ಹತ್ತಿರ ಕಳಿಸಿದರೆ, ಇದ್ದಷ್ಟು ಹೊತ್ತೂ ಆ ಪುಣ್ಯಾತ್ಮ ಮಾತಾಡಿದ್ದು ಮೊಬೈಲಿನ ಪ್ರಾಣಿಗಳ ಬಗ್ಗೆ. ವಿಷದವು ಸೊಪ್ಪಿನ ಜಾತಿಯವನ್ನು ಕರಗಿಸುತ್ತವಂತೆ. ಕಬ್ಬಿಣದ ಜಾತಿಗೆ ವಿಷ ತಗಲುವುದೇ ಇಲ್ಲವಂತೆ.

ಬೇಸರ ಬರಬೇಕಿತ್ತು. ಬರಲಿಲ್ಲ. ಮಾತಾಡುವಾಗ ಅವನ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು. ನಾನು ನೋಡಿದ ಕೂಡಲೇ ಅದು ಕಳ್ಳನ ಹಾಗೆ ಕೆಳಗಿಳಿಯುತ್ತಿತ್ತು. ನಾನು ನಕ್ಕುಬಿಟ್ಟಿದ್ದೆ.

ಅವನಿಗಿಂತ ಮೊದಲು ಬಂದ ಮೂರು ಗಂಡಿನ ಕಡೆಯವರೂ ಕಾಫಿ ಕುಡಿದು ಲೋಟ ಇಡುವ ಮೊದಲೇ, "ಮದ್ವೆ ಆದ್ಮೇಲೆ ಈ ಹುಳ ಗಿಳ ಎಲ್ಲ ಬುಡಬೇಕಾಯ್ತದೆ" ಎಂದಿದ್ದರು. ನಾನು ಬಿಡುವುದಿಲ್ಲ ಎಂದಿದ್ದೆ. ಅಪ್ಪ ಹೋದ ಮೇಲೆ ಅವ್ವನೂ ನಾನೂ ರೇಷ್ಮೆಹುಳು ಸಾಕಿಯೇ ತಲೆ ಎತ್ತಿದವರು. ಇವನು ಹುಳದ ಮಾತನ್ನೇ ತೆಗೆಯಲಿಲ್ಲ. ಅವನಿಗೆ ಅಡ್ಡಿಯಿಲ್ಲವೋ, ಅಥವಾ ಕಪ್ಪೆಗಳ ಗದ್ದಲದಲ್ಲಿ ಮರೆತನೋ? ಭಾನುವಾರ ನನ್ನ ಮಾಮ ರಾಮಲಿಂಗಯ್ಯ ಗಂಡಿನ ಮನೆಯವರಿಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಹೂಂ ಅನ್ನುವುದು ನನ್ನ ನಾಲಿಗೆಯ ತುದಿಗೇ ಬಂದು ಕೂತಿತ್ತು.

ಈಗ ನೋಡಿದರೆ ಇದು.

ಹುಳ ಸಾಕುವವರ ಮನೆಯಲ್ಲಿ ವಿಷ ಎಂಬ ಮಾತನ್ನೂ ಯಾರೂ ಆಡುವುದಿಲ್ಲ. ಪಕ್ಕದ ಹೊಲದವರು ಔಷಧಿ ಹೊಡೆದರೆ ಆ ಗಾಳಿಗೇ ನಮ್ಮ ಹಿಪ್ಪುನೇರಳೆ ಸೊಪ್ಪು ದಂಡ. ಸೊಳ್ಳೆಬತ್ತಿ ಹಚ್ಚುವಂತಿಲ್ಲ. ಸೆಂಟು ಹಾಕಿಕೊಂಡವರು ಹೊಸಿಲು ದಾಟುವಂತಿಲ್ಲ. ಅಂಥ ಮನೆಯ ಹುಡುಗಿಯ ಹೆಸರನ್ನು ವಿಷ ಉಗುಳುವ ಕಪ್ಪೆಗಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಮೆರೆಸುವುದೆಂದರೆ!

"ಇಳಿಸು ಅದನ್ನ," ಎಂದೆ.

"ಸೋಲಿಸಿದ್ರೇನೇ ಇಳಿಯೋದು. ಅದೂ ಇಲ್ಲಿಗೇ ಬಂದು ಹೊಡೀಬೇಕು."

"ಹಂಗಾದ್ರೆ ನನ್ನ ಮೊಬೈಲಿಗೂ ಹಾಕು ಆ ದರಿದ್ರ ಗೇಮ್ನ."

ಶಬ್ನಮ್ ಹಾಕಿಕೊಟ್ಟಳು. ಆಟಕ್ಕೆ ನನ್ನ ಹೆಸರು ಹುಳುಮನೆ ಎಂದಿಟ್ಟಳು. ವಿಷಕ್ಕೆ ಮಣ್ಣಿನ ಜಾತಿ ಶತ್ರು ಎಂದು ಹೇಳಿಕೊಟ್ಟಳು. ಸೊಪ್ಪು ಕೊಯ್ಯುತ್ತ, ಹುಳುವಿಗೆ ಹಾಕುತ್ತ, ನಡುವೆ ಬಿಡುವಾದಾಗಲೆಲ್ಲ ನಾನು ಒಂದು ಮಣ್ಣಿನ ಇಲಿಯನ್ನು ಸಾಕಿ ದೊಡ್ಡದು ಮಾಡಿದೆ. ಮಧ್ಯಾಹ್ನದ ಸೊಪ್ಪು ಹಾಕಿ ಸ್ಕೂಟರ್ ಹತ್ತಿ ದಿನಾ ಚನ್ನಪಟ್ಟಣಕ್ಕೆ ಬಂದು ಯುದ್ಧಕ್ಕೆ ಕೂತೆ.

ಆ ಕಪ್ಪೆಯ ಜೊತೆ ಹೊಡೆದಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ಮೊದಲು ಒಂದೇ ಸಲ ಜೊಲ್ಲು ಉಗುಳುತ್ತದೆ. ಆಮೇಲೆ ಏನೂ ಮಾಡುವುದಿಲ್ಲ. ಗುಳ್ಳೆಯೊಳಗೆ ಅಡಗಿ, ಕಣ್ಣು ಮುಚ್ಚಿಕೊಂಡು ಕೂರುತ್ತದೆ. ನನ್ನ ಇಲಿಗೆ ಮಾತ್ರ ಸರದಿ ಸರದಿಗೂ ಒಸಿ ಒಸಿ ಶಕ್ತಿ ಇಳಿಯುತ್ತ, ಕೊನೆಗೆ ಅಂಗಾತ ಬೀಳುತ್ತದೆ. ಒಂದೊಂದು ದಿನ ಕಪ್ಪೆ ಇನ್ನೇನು ಬಿತ್ತು ಅನ್ನುವಾಗ ಪರದೆಯ ಮೇಲೆ ಮೂಡುತ್ತದೆ: ಅನಂತರಾಜು ಹಾರೋಹಳ್ಳಿಯಿಂದ ಹಣ್ಣು ತಿನ್ನಿಸಿದ್ದಾರೆ.

"ತಿನ್ಸು, ತಿನ್ಸು! ಬಾಳೆಹಣ್ಣಿನ ಗೊನೆ ತಂದು ತಿನ್ಸು!" ಎಂದು ಕಿರುಚಿದೆ.

ಬಸ್ಸುಗಳ ಹೊತ್ತು ಬರೆದುಕೊಳ್ಳುವ ಬೋರಲಿಂಗಯ್ಯನವರು ಕಿಟಕಿಯಿಂದ ತಲೆ ಹೊರಹಾಕಿದರು. "ಏನವ್ವ, ಯಾವ ಬಸ್ಸೂ ಹತ್ತಲ್ಲ. ದಿನಾ ಬಂದು ಯಾರ್ಗವ್ವ ಹಿಂಗೆ ಬಯ್ಯದು?"

"ಕಪ್ಪೆಗೆ ಸಾರ್."

ಅವರು ನನ್ನನ್ನು ಒಂದು ಕ್ಷಣ ನೋಡಿ ತಲೆ ಒಳಗೆಳೆದುಕೊಂಡರು.

ಶನಿವಾರವೂ ಹಾಗೇ ಕೂತು ಸೋಲುತ್ತಿದ್ದಾಗ ಕನಕಪುರದ ಬಸ್ಸು ಬಂದು ನಿಂತಿತು. ಅದರಿಂದ ಅನಂತರಾಜು ಇಳಿದ. ನೀಲಿ ಯೂನಿಫಾರ್ಮಿನ ತೋಳು ಮೊಳಕೈವರೆಗೆ ಮಡಚಿತ್ತು. ಮಣಿಕಟ್ಟಿನಲ್ಲಿ ಒರೆಸಲು ಮರೆತ ಗ್ರೀಸಿನ ಗೆರೆ. ಸೀದಾ ನನ್ನ ಬೆಂಚಿಗೆ ಬಂದು, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ.

"ಹುಳುಮನೆ ಅಂತ ಹೆಸರಿಟ್ಕಂಡು ದಿನಾ ಹೊಡೀತಿರೋದು ನೀವೇ ಅಂತ ಗೊತ್ತಾಯ್ತು," ಎಂದ.

"ಗೊತ್ತಿದ್ದೂ ಹಣ್ಣು ತಿನ್ನಿಸ್ತಿದ್ರಾ?"

"ಅದು ಸೋತ್ರೆ ನೀವು ನಾಳೆಯಿಂದ ಬರಲ್ವಲ್ಲ."

ನಾನು ಅವನ ಕಡೆ ಪೂರ್ತಿ ತಿರುಗಿ ಕೂತೆ.

"ಯಾಕ್ರೀ, ನನ್ನ ಹೆಸರಿಡಕ್ಕೆ ಒಂದು ನವಿಲು ಸಿಗ್ಲಿಲ್ವಾ ನಿಮಗೆ? ಒಂದು ಜಿಂಕೆ? ವಿಷದ ಕಪ್ಪೇನೇ ಬೇಕಿತ್ತಾ? ನಮ್ಮನೇಲಿ ಹುಳ ಸಾಕದು ಕಣ್ಣಿಗೆ ಕಾಣ್ಲಿಲ್ವಾ?"

ಅವನ ಮುಖದಲ್ಲಿ ಮೊದಲು ಅರ್ಥವಾಗದ ನೋಟ, ಆಮೇಲೆ ಮೆಲ್ಲನೆ ಅರ್ಥವಾದ ನೋಟ. ಕೈಯಿಂದ ಹಣೆ ಒತ್ತಿಕೊಂಡ. ಗ್ರೀಸು ಹಣೆಗೂ ಆಯಿತು.

"ಅಯ್ಯೋ... ಅದು ನನ್ನ ತಲೆಗೇ ಬರ್ಲಿಲ್ಲ ಕಣ್ರೀ."

"ಏನು ಬಂತು ಮತ್ತೆ ತಲೆಗೆ?"

"ಗೇಮಲ್ಲಿ ಎಲ್ರೂ ಬೆಂಕಿ, ಸಿಡಿಲು ಅಂತ ಓಡ್ತಾರೆ. ವಿಷದವನ್ನ ಯಾರೂ ಕೇಳಲ್ಲ. ನೋಡಕ್ಕೂ ಚೆಂದ ಇಲ್ಲ, ಜೋರಾಗಿ ಹೊಡಿಯೋದೂ ಇಲ್ಲ. ಆದ್ರೆ ಜಾಗ ಬಿಟ್ಟು ಕದಲಲ್ಲ. ಬಂದೋರೆಲ್ಲ ಸುಸ್ತಾಗಿ ಹೋಗ್ತಾರೆ, ಇದು ಮಾತ್ರ ಅಲ್ಲೇ ಇರ್ತದೆ." ಅವನ ಎಡಹುಬ್ಬು ಏರಿತು. "ಮೂರು ಗಂಡಿನ ಕಡೆಯೋರು ಬಂದು ಹುಳ ಬಿಡು ಅಂದ್ರೂ ನೀವು ಬಿಡ್ಲಿಲ್ಲ ಅಂತ ನಿಮ್ಮ ಮಾಮ ಹೇಳಿದ್ರು. ಅವತ್ತು ವಾಪಸ್ ಹೋಗುವಾಗ ಇಲ್ಲೇ ಬಸ್ ಕಾಯ್ತಾ ಇದಕ್ಕೆ ನಿಮ್ಮ ಹೆಸರಿಟ್ಟು ಕೂರಿಸ್ದೆ."

ಬಸ್ಸೊಂದು ಹಾರನ್ ಹೊಡೆಯುತ್ತ ಹಿಂದಕ್ಕೆ ಬರುತ್ತಿತ್ತು. ನಾನು ಅದನ್ನೇ ಬಹಳ ಮುಖ್ಯವಾದದ್ದೆಂಬಂತೆ ನೋಡಿದೆ. ಕೆನ್ನೆ ಬಿಸಿಯಾಗಿತ್ತು.

"ಜೊಲ್ಲು ಸುರಿಸ್ತದಲ್ಲ ಅದು," ಎಂದೆ ಕೊನೆಗೆ.

"ಅದೊಂದು ನೋಡಿದ್ರೆ ತಪ್ಪೇ."

"ಇಳಿಸಿ ಈಗ."

"ನನ್ನ ಪ್ರಾಣೀನ ನಾನು ಹೊಡಿಯಂಗಿಲ್ಲ. ನೀವೇ ಸೋಲಿಸ್ಬೇಕು. ಸೋತು ನನ್ನ ಹತ್ರ ವಾಪಸ್ ಬಂದ್ರೇನೇ ಹೆಸರು ಬದಲಾಯಿಸಕ್ಕಾಗೋದು." ನನ್ನ ಪರದೆಗೆ ಬಗ್ಗಿದ. ನಡುವಿನ ಜಾಗ ಈಗ ಒಬ್ಬರು ಕೂರುವಷ್ಟಾಯಿತು. "ಇಲಿ ತಂದಿದ್ದೀರಾ? ವಿಷಕ್ಕೆ ಮಣ್ಣು ಸರಿ. ಆದ್ರೆ ಈ ಕಪ್ಪೆ ಅರ್ಧ ನೀರಿನ ಜಾತಿ. ನೀರು ಬಿದ್ರೆ ಮಣ್ಣು ಎಲ್ಲಿ ನಿಲ್ತದೆ? ಕಬ್ಬಿಣದ್ದು ತಂದ್ರೆ ಕೆಸರಲ್ಲಿ ಹೂಳ್ತದೆ. ಇದಕ್ಕೆ ಬೇಕಾಗಿರೋದು ಮನಸ್ಸಿನ ಜಾತೀದು. ತಡೀರಿ, ನಂದೊಂದು ನಿಮಗೆ ಕೊಡ್ತೀನಿ."

ನನ್ನ ಮೊಬೈಲು ಗುಂಯ್ ಎಂದಿತು. ತೆರೆದು ನೋಡಿದರೆ ದುಂಡುಕಣ್ಣಿನ ಗೂಬೆ.

"ಹುಡುಗೀಗೆ ಮೊದಲನೇ ಸಲ ಏನಾದ್ರೂ ಕೊಡೋದು, ಅದೂ ಗೂಬೇನಾ?"

"ಒಳ್ಳೇ ಗೂಬೆ ಕಣ್ರೀ," ಎಂದ, ಪ್ರಾಮಾಣಿಕವಾಗಿ.

ತನ್ನದೇ ಕಪ್ಪೆಯನ್ನು ಕೆಡವುವುದನ್ನು ಅವನು ನನಗೆ ಹೇಳಿಕೊಟ್ಟ. ಗುಳ್ಳೆಯೊಳಗೆ ಹೋದಾಗ ಹೊಡೆದು ಶಕ್ತಿ ವ್ಯರ್ಥ ಮಾಡಬೇಡಿ. ಕಣ್ಣು ಬಿಟ್ಟಿತಲ್ಲ, ಈಗ. ಈಗ ಹೊಡೀರಿ. ಅವನ ಬೆರಳು ಪರದೆಯ ಮೇಲೆ, ನನ್ನ ಬೆರಳಿಗೆ ತಾಗದಂತೆ, ಕೂದಲೆಳೆಯಷ್ಟು ಆಚೆಗೆ ಓಡಾಡುತ್ತಿತ್ತು. ತಾಗದ ಆ ಬೆರಳಿನ ಮೇಲೇ ನನ್ನ ಗಮನವೆಲ್ಲ. ಆದರೂ ಗೆದ್ದೆ. ಕಪ್ಪೆ ಹೊಟ್ಟೆ ಮೇಲಾಗಿ ಬಿತ್ತು, ಕೋಟೆ ಖಾಲಿಯಾಯಿತು.

"ಏನಂತ ಹೆಸರಿಡ್ಲಿ ಈಗ?"

"ನಿಮ್ಮದೇ ಇಟ್ಕಳಿ. ಒಪ್ತದೆ."

ಅವನು ಕೂಡಲೇ ಅನಂತರಾಜು ಎಂದು ಒತ್ತಿದ. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲೇ ಅವ್ವನ ಫೋನು.

"ಎಲ್ಲೇ ಹಾಳಾಗೋದೆ? ಇಲ್ಲಿ ಹುಳ ಎಲ್ಲ ಒಂದೇ ಸಲ ಹಣ್ಣಾಗ್ಬುಟ್ಟವೆ! ಕೂಲಿಯೋರು ಯಾರೂ ಸಿಗ್ತಿಲ್ಲ. ನಾನೊಬ್ಳೇ ಎಷ್ಟೂಂತ ಆಯ್ಲಿ?"

ನಾನು ಎದ್ದೆ. ಗೂಡು ಕಟ್ಟಲು ಹಣ್ಣಾದ ಹುಳು ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಆರಿಸಿ ಚಂದ್ರಿಕೆ ತಟ್ಟಿಯ ಬಿದಿರಿನ ಸುರುಳಿಗೆ ಬಿಡದಿದ್ದರೆ ಎಲ್ಲೆಂದರಲ್ಲಿ ನೂಲು ಉಗುಳಿ, ತಿಂಗಳ ದುಡಿಮೆ ನೆಲದ ಪಾಲು.

"ನಾನೂ ಬತ್ತೀನಿ," ಎಂದ ಅನಂತರಾಜು.

"ನಿಮಗೇನು ಗೊತ್ತು ಹುಳದ ಕೆಲಸ?"

"ಗೊತ್ತಿಲ್ಲ. ಎರಡು ಕೈ ಅವೆ."

ವಿರೂಪಾಕ್ಷಿಪುರದ ದಾರಿಯುದ್ದಕ್ಕೂ ಅವನು ಸ್ಕೂಟರಿನ ಹಿಂದೆ, ಸೀಟಿನ ಕಂಬಿ ಹಿಡಿದುಕೊಂಡು, ನನಗೆ ತಾಗದಂತೆ ಎಷ್ಟು ಹಿಂದಕ್ಕೆ ವಾಲಿದ್ದನೆಂದರೆ, ರಸ್ತೆಯ ಹಂಪಿನಲ್ಲಿ ಬಿದ್ದೇ ಹೋದನೆಂದುಕೊಂಡೆ. "ಸರಿಯಾಗಿ ಕೂತ್ಕಳ್ರೀ!" ಎಂದು ಗದರಿದ ಮೇಲೆ ಒಂದಿಂಚು ಮುಂದೆ ಬಂದ.

ಹುಳುಮನೆಯ ಹೊಸಿಲಲ್ಲಿ ಅವ್ವ ಮೂಗರಳಿಸಿದಳು.

"ಯಾರಪ್ಪ ಸೆಂಟು ಹಾಕ್ಕಂಡು ಬಂದಿರೋದು? ನಿಂತ್ಕ ಆಚೆಗೆ!" ಆಮೇಲೆ ಮುಖ ನೋಡಿ, "ಅಯ್ಯೋ ಶಿವನೆ, ಗಂಡು!" ಎಂದಳು. ಆದರೂ ಒಳಗೆ ಬಿಡಲಿಲ್ಲ. ಪಂಪ್‌ಹೌಸಿನ ತೊಟ್ಟಿಯಲ್ಲಿ ಅವನು ನಾಲ್ಕು ಬಿಂದಿಗೆ ನೀರು ಸುರಿದುಕೊಂಡು, ಅಪ್ಪನ ಹಳೇ ಪಂಚೆ ಬನಿಯನ್ನು ತೊಟ್ಟು ಬಂದ. ಪಂಚೆ ಗಿಡ್ಡ. ಒದ್ದೆಗೂದಲಿಂದ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ನಾನು ಹುಳುವಿನ ತಟ್ಟೆಯ ಕಡೆ ತಿರುಗಿಕೊಂಡೆ.

ಹಣ್ಣಾದ ಹುಳು ಸೊಪ್ಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಮೈಯೆಲ್ಲ ಜೇನಿನ ಬಣ್ಣವಾಗಿ, ತಲೆ ಎತ್ತಿ, ಅತ್ತ ಇತ್ತ ತೂಗುತ್ತ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅಂಥವನ್ನು ಆರಿಸಬೇಕು. ಅವನಿಗೆ ಒಂದು ಸಲ ತೋರಿಸಿದೆ. ಮೊದಲು ಎರಡು ಬೆರಳಲ್ಲಿ ಬೆಂಕಿ ಮುಟ್ಟಿದ ಹಾಗೆ ಹಿಡಿದ. ಆಮೇಲೆ ಅಂಗೈಯಲ್ಲಿಟ್ಟು ನಡೆದ. ನಿಧಾನ, ಆದರೆ ಒಂದನ್ನೂ ಬೀಳಿಸಲಿಲ್ಲ.

ಅವ್ವ ಆಚೆ ಸಾಲಿಗೆ ಹೋದಾಗ ಬಾಯಿ ಬಿಟ್ಟೆ. ಇವತ್ತು ಕೇಳದಿದ್ದರೆ ನಾಳೆ ಮಾಮ ಏನಾದರೊಂದು ಹೇಳಿ ಮುಗಿಸುತ್ತಾನೆ.

"ಒಂದು ಕೇಳ್ತೀನಿ. ಕಪ್ಪೆ ಗೂಬೆ ಮಧ್ಯ ತರದಂಗೆ ಉತ್ತರ ಕೊಡ್ತೀರಾ?"

"ಕೇಳಿ."

"ಮದ್ವೆ ಆದ್ಮೇಲೂ ನಾನು ಹುಳ ಸಾಕ್ತೀನಿ. ಇಲ್ಲೇ. ಅವ್ವನ್ನ ಬುಟ್ಟು ಬರಲ್ಲ."

"ಗೊತ್ತು," ಎಂದ, ಇನ್ನೊಂದು ಹುಳುವಿಗೆ ಬಗ್ಗುತ್ತ. "ಅದಕ್ಕೇ ಇಲ್ಲಿಂದ ಹಾರೋಹಳ್ಳಿಗೆ ಹೋಗಿ ಬರೋದು ಹೆಂಗೆ ಅಂತ ಅವತ್ತೇ ನಿಮ್ಮ ಮಾಮನ್ನ ಕೇಳಿದ್ದೆ. ಫಸ್ಟ್ ಶಿಫ್ಟಿಗೆ ಒಸಿ ಕಷ್ಟ. ಬೈಕಲ್ಲಾದ್ರೆ ಪರವಾಗಿಲ್ಲ."

ನನ್ನ ಕೈ ಅಲ್ಲೇ ನಿಂತಿತು. "ಮಾಮ ನಂಗೆ ಹೇಳ್ಲೇ ಇಲ್ಲ!"

"ನಂಗೆ ಹೇಳ್ದ," ಎಂದಳು ಅವ್ವ ಆಚೆ ಸಾಲಿನಿಂದ. "ನೀನೇ ಬಾಯ್ಬುಟ್ಟು ಕೇಳಿ ತಿಳ್ಕಳ್ಳಿ ಅಂತ ಸುಮ್ನಿದ್ದೆ. ವಾರದಿಂದ ಊಟಕ್ಕೆ ಕುಂತ್ರೂ ಮೊಬೈಲ್ ಒತ್ತಾ ಇದ್ದೆ. ಯಾವಾಗೇಳ್ಲಿ?"

ನಾನು ಅವನ ಕಡೆ ತಿರುಗಿದೆ. "ಅವತ್ತೇ ನಂಗೆ ಹೇಳಕ್ಕೇನಾಗಿತ್ತು ನಿಮಗೆ? ಅಷ್ಟೊತ್ತು ಬರೀ ವಿಷ, ಕಬ್ಬಿಣ, ಸೊಪ್ಪು ಅಂತ..."

"ಭಯ ಆಯ್ತು ಕಣ್ರೀ. ನೀವು ನೋಡ್ತಿದ್ರಿ. ಭಯ ಆದ್ರೆ ನಂಗೆ ಅದೊಂದೇ ಮಾತು ಬರೋದು."

ಈ ಮನುಷ್ಯನ ಜೊತೆ ಜೀವನ ಪೂರ್ತಿ ಹೀಗೇ. ಬೇಕಾದ ಮಾತೊಂದು ಬಿಟ್ಟು ಬೇರೆಲ್ಲ ಆಡುತ್ತಾನೆ. ಅದನ್ನು ನಾನೇ ಅಗೆದು ತೆಗೆಯಬೇಕು. ಯೋಚಿಸಿದರೇ ಸುಸ್ತು. ಆ ಸುಸ್ತನ್ನು ಬೇರೆ ಯಾರಿಗೂ ಬಿಟ್ಟುಕೊಡಲು ಮನಸ್ಸಿಲ್ಲ ಎಂದು ಅಲ್ಲಿ, ಸೊಪ್ಪಿನ ವಾಸನೆಯ ನಡುವೆ ನಿಂತು, ನನಗೆ ತಿಳಿಯಿತು.

"ಅವ್ವಾ, ಮಾಮಂಗೆ ಫೋನ್ ಮಾಡು. ಒಪ್ಪಿಗೆ ಅಂತ ಈಗ್ಲೇ ಹೇಳ್ಬುಡು."

ಅನಂತರಾಜು ಅಂಗೈಯಲ್ಲಿ ಹುಳುವನ್ನು ಹಿಡಿದವನು ಹಾಗೇ ನಿಂತುಬಿಟ್ಟ. ಬಾಯಿ ತೆರೆದಿತ್ತು. ಎರಡೂ ಹುಬ್ಬು ಮೇಲೇರಿದ್ದವು.

"ಹಂಗೇ ನಿಂತ್ರೆ ಅದು ನಿಮ್ಮ ಕೈಯಲ್ಲೇ ಗೂಡು ಕಟ್ತದೆ. ಬಿಡ್ರೀ ಅದನ್ನ!"

ಅವನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟ. ಹತ್ತಿರ ಬಂದು, ಅವ್ವನಿಗೆ ಕೇಳದಂತೆ ಕೇಳಿದ.

"ಇನ್ನೂ ಸಿಟ್ಟಾ?"

"ಹೂಂ."

"ಒಪ್ಪಿಗೆ ಅಂದ್ರಲ್ಲ?"

"ಎರಡೂನು," ಎಂದೆ. "ಆ ತಟ್ಟೆ ಇತ್ತ ಎತ್ಕೊಡಿ."