ಅಳುನುಂಗಿ

ಮೂಲೆಯ ಮೇಜಿನ ಮಗು ಇಡೀ ಹುಬ್ಬಳ್ಳಿ ಹಿಡಿಸುವಷ್ಟು ಬಾಯಿ ತೆರೆದು ಕಿರುಚಿತು. ಕಿರುಚಿದ್ದು ಕಂಡಿತು, ಕೇಳಿಸಲಿಲ್ಲ. ಹೋಟೆಲಿನ ಗಲ್ಲಾದಲ್ಲಿದ್ದ ಮಾಲೀಕ ಗುರುಶಾಂತಪ್ಪನವರ ಎದೆ ಹಿಗ್ಗಿದ ರಭಸಕ್ಕೆ ಅಂಗಿಯ ಗುಂಡಿ ಸಿಡಿದು ರಸ್ತೆಯಾಚೆಯ ಅಂಗಡಿಗೆ ಬಿತ್ತು.

ಊರಿನ ಉಳಿದ ಹೋಟೆಲುಗಳು ‘ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ತಗುಲಿಸಿದ್ದವು. ಗುರುಶಾಂತಪ್ಪ ಒಪ್ಪಿರಲಿಲ್ಲ. ಅವರ ಹೋಟೆಲಿನಲ್ಲಿ ಮಗುವೊಂದು ರಚ್ಚೆ ಹಿಡಿದರೆ ಧಾರವಾಡದಲ್ಲಿ ಹಾಲು ಒಡೆಯುತ್ತಿತ್ತು, ನಿಜ. ಆದರೆ ಮೂರು ವರ್ಷದ ಮೊಮ್ಮಗಳು ಶಾಂಭವಿ ಇಡೀ ದಿನ ಆಡುತ್ತಿದ್ದುದೂ ಅಲ್ಲೇ. ಅವಳನ್ನು ಹೊರಗೆ ನಿಲ್ಲಿಸುವುದುಂಟೆ? ಧ್ವನಿವಿಜ್ಞಾನಿ ಮಂದಾಕಿನಿ ಹಂಚಿನಮನಿಯವರಿಂದ ‘ಶಿಶುನಾದಹಾರಿ’ ಯಂತ್ರ ಹಾಕಿಸಿದರು. ಗಿರಾಕಿಗಳು ಅದಕ್ಕೆ ಅಳುನುಂಗಿ ಎಂದು ಹೆಸರಿಟ್ಟರು.

“ಧ್ವನಿ ಅಂದರ ಅಲೆ, ಸಾವಕಾರ್ರ. ಮಗುವಿನ ದನಿ ಬಂದ ಕೂಡಲೇ ಯಂತ್ರ ತದ್ವಿರುದ್ಧ ಅಲೆ ಬಿಡತದ. ಉಬ್ಬು, ತಗ್ಗು ಕೂಡಿ ಸೊನ್ನಿ.”

“ನುಂಗಿದ್ದೆಲ್ಲ ಎಲ್ಲಿ ಹೋಗತದ, ಬಾಯಾರ? ಹೊಟ್ಟಿ ತುಂಬಿ ಒಡದೀತು ಮತ್ತ!”

“ಎಲ್ಲೂ ಹೋಗೂದಿಲ್ರಿ. ಹುಟ್ಟಿದಲ್ಲೇ ಸಾಯತದ.”

ವರ್ಷ ಕಳೆಯುವುದರೊಳಗೆ ಬೆಳಗಾವಿಯ ಸಂಸಾರಗಳೂ ಬಸ್ಸು ಮಾಡಿಕೊಂಡು ಇಡ್ಲಿಗೆ ಬರತೊಡಗಿದವು. ಅಂಥದೊಂದು ಭಾನುವಾರ, ಮಂದಾಕಿನಿಯವರೂ ತಿಂಡಿಗೆ ಬಂದಿದ್ದಾಗ, ಶಾಂಭವಿ ಗಲ್ಲಾದ ಬಳಿ ಬಂದು ಸುಮ್ಮನೆ ಕೈ ಚಾಚಿದಳು. ಬಿಸಿ ಸಾಂಬಾರು ಚೆಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಬಾಯಿಂದ ಬೊಬ್ಬೆ ಎದ್ದಿರಲಿಲ್ಲ. ಬಾಯಿ ತೆರೆದೇ ಇರಲಿಲ್ಲ.

ಅಜ್ಜ ಅವಳನ್ನು ಎತ್ತಿಕೊಂಡು ಯಂತ್ರ ತಲುಪದ ಹಿತ್ತಿಲ ನಲ್ಲಿಗೆ ಓಡಿದರು. ಆ ಪುಟ್ಟ ಕೈಯನ್ನು ತಣ್ಣೀರಿನಡಿ ಹಿಡಿದರು.

“ಯಾಕವ್ವಾ, ಅಳವಲ್ಲಿ? ಇಲ್ಲಿ ಕೇಳಸತದ. ಅಳು, ನನ್ನವ್ವ, ಜೋರಾಗಿ ಅಳು!”

ಶಾಂಭವಿ ಅವರನ್ನೇ ನೋಡಿದಳು. “ಅತ್ತರ ಯಾರೂ ಬರೂದಿಲ್ಲಲ್ಲಾ, ಅಜ್ಜಾ.”

ಹಿಂದೆಯೇ ಬಂದಿದ್ದ ಮಂದಾಕಿನಿಯವರ ಮುಖ ಬಿಳಿಚಿತು. “ನಾ ದನಿ ಅಷ್ಟೇ ಲೆಕ್ಕಾ ಹಿಡದಿದ್ದೆ, ಸಾವಕಾರ್ರ. ಮಕ್ಕಳು ಇದನ್ನ ಕಲೀತಾವು ಅಂತ...”

ಗುರುಶಾಂತಪ್ಪ ಉಳಿದದ್ದನ್ನು ಕೇಳಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡೇ ಒಳಗೆ ನುಗ್ಗಿ ಯಂತ್ರದ ತಂತಿಯನ್ನು ಗೋಡೆಯ ಗಾರೆ ಸಮೇತ ಕಿತ್ತರು. ಇನ್ನು ನಲವತ್ತು ಮಕ್ಕಳ ಕೂಗಿಗೆ ಹಂಚು ಹಾರಬೇಕು ಎಂದು ಕಾದು ನಿಂತರು.

ಹಂಚು ಹಾರಲಿಲ್ಲ. ದೊಡ್ಡವರು ಹರಟುತ್ತಲೇ ಇದ್ದರು. ಕಿಟಕಿಯ ಬಳಿ ಒಂದು ಕೂಸು ಕುರ್ಚಿಯಿಂದ ಧೊಪ್ಪನೆ ಬಿತ್ತು; ಎದ್ದು, ಮೊಣಕೈ ಉಜ್ಜಿಕೊಂಡು, ಸದ್ದಿಲ್ಲದೆ ಮತ್ತೆ ಹತ್ತಿ ಕೂತಿತು. ಎದುರಿಗಿದ್ದ ತಾಯಿ ಚಟ್ನಿಗಾಗಿ ಕೈ ಎತ್ತಿ ಕರೆಯುತ್ತಿದ್ದಳು.