ಗಿಳಿಹಸಿರಿನ ಮೇಲೆ ಕೆಂಪು

ಹೆಣ ಮೊದಲು ಕಂಡದ್ದು ಕಸದ ಗಾಡಿಯವಳಿಗೆ.

ಎರಡು ಕಟ್ಟಡಗಳ ನಡುವಿನ ಓಣಿ. ಒಡೆದ ಪೈಪು, ಹಳೇ ಕಮೋಡು, ಮೇಲಿನಿಂದ ಎಸೆದ ಪ್ಲಾಸ್ಟಿಕ್ಕು. ಅವುಗಳ ನಡುವೆ ಮೂವತ್ತರ ಆಸುಪಾಸಿನ ಒಬ್ಬ ಬೋರಲಾಗಿ ಬಿದ್ದಿದ್ದ. ಕೈಗೆಟಕುವಷ್ಟು ದೂರದಲ್ಲಿ ಒಂದು ಹೊಸ ಫೋನು. ಅದರ ಗಾಜು ನುಚ್ಚುನೂರಾಗಿತ್ತು.

ಇನ್ಸ್‌ಪೆಕ್ಟರ್ ಸೀದಾ ಬಂದು ಕುಕ್ಕರುಗಾಲಲ್ಲಿ ಕೂತಳು. ಸತ್ತವನ ಉಗುರುಗಳಲ್ಲಿ ಮಣ್ಣು ತುಂಬಿತ್ತು. ನೆಲದ ಮೇಲೆ ಗೀರುಗಳಿದ್ದವು. ಅವನು ತೆವಳಲು ನೋಡಿದ್ದ.

"ಗುರುತು ಸಿಕ್ತಾ?"

"ಫೋನಪ್ಪ, ಮೇಡಂ," ಎಂದ ಪೇದೆ. "ನಿಜವಾದ ಹೆಸರು ಬೇರೆ ಇರುತ್ತೆ. ಎಲ್ರೂ ಕರೆಯೋದು ಹಾಗೇ. ಇಂಟರ್ನೆಟ್ಟಲ್ಲಿ ಒಂದು ವೆಬ್‌ಸೈಟ್ ನಡೆಸ್ತಿದ್ದ. ಯಾವ ಫೋನ್ ಬಂತು, ಯಾವುದು ತಗೋಬಹುದು, ಯಾವುದು ದಂಡ, ಎಲ್ಲಾ ಅದರಲ್ಲಿ ಬರ್ತಿತ್ತು. ಸ್ವಂತ ಸೈಟ್ ಮಾಡ್ಕೊಳ್ಳೋರಿಗೆ ಪಾಠ ಬೇರೆ. ಮೆನು ಹಾಕೋದು, ಬಣ್ಣ ಬದಲಾಯಿಸೋದು, ಅಂಥದ್ದು. ನಾನೂ ಓದ್ತಿದ್ದೆ."

"ತಾರಸಿಯಿಂದ ಬಿದ್ದಿದ್ದಾನೆ."

"ಬಿದ್ದಿದ್ದಲ್ಲ, ಹಾರಿದ್ದು. ನೋಡಿ."

ಪೇದೆ ತನ್ನ ಫೋನು ಚಾಚಿದ. ಸೈಟಿನ ನೆತ್ತಿಯ ಮೇಲೆ ಗಿಳಿಹಸಿರು ಬಣ್ಣದ ಒಂದು ಪಟ್ಟಿ. ಅದರ ಮೇಲೆ ಕೆಂಪು ಅಕ್ಷರ: 'ಈ ತಾಣ ಇಲ್ಲಿಗೆ ಮುಗಿಯಿತು. ನನ್ನ ಸಾವಿಗೆ ನಾನೇ ಕಾರಣ. ಯಾರನ್ನೂ ದೂರಬೇ'. ಕೊನೆಯ ಅಕ್ಷರ ಪರದೆಯಿಂದ ಹೊರಗೆ ಹೋಗಿತ್ತು. ಪೇದೆ ಬೆರಳಿನಿಂದ ಪಕ್ಕಕ್ಕೆ ಸರಿಸಿ ಉಳಿದ 'ಡಿ' ತೋರಿಸಿದ.

ಕೆಳಗೆ ಓದುಗರ ಮಾತು ಸಾಲುಗಟ್ಟಿತ್ತು. 'ಹೊಸ ನಾಟಕ ಶುರು.' 'ಯಾವ ಫೋನಿನ ಪ್ರಚಾರ ಗುರು ಇದು?' 'ಸಾಯೋ ಮುಂಚೆ ನನ್ನ ಮೆನು ಸರಿಮಾಡಿ ಹೋಗಪ್ಪ.' ಪ್ರತಿಯೊಂದರ ಕೆಳಗೂ ನಗುವ ಮುಖಗಳ ರಾಶಿ.

"ಇದು ಯಾವಾಗಿಂದ ಇದೆ?"

"ನಿನ್ನೆ ಸಂಜೆಯಿಂದ." ಪೇದೆ ತಲೆ ತಗ್ಗಿಸಿದ. "ನಾನೂ ನಕ್ಕುಬಿಟ್ಟೆ ಮೇಡಂ."

* * *

ಕಟ್ಟಡದ ನೆಲ ಅಂತಸ್ತಿನಲ್ಲಿ ಬೀಗ ಹಾಕಿದ ಗೋದಾಮು. ಮೊದಲ ಮಹಡಿ ಖಾಲಿ. ಎರಡನೆಯದರಲ್ಲಿ ಸತ್ತವನ ಅಕ್ಕ. ತಾರಸಿಯ ಮೇಲಿನ ಒಂಟಿ ರೂಮು ಅವನದು.

ಅಕ್ಕ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ರೋಗಿಗಳ ಸರದಿ ಕೂಗುವುದು, ಫೋನ್ ಎತ್ತುವುದು. ಅವಳ ದನಿಯಲ್ಲಿ ಈಗಲೂ ಆ ಅಭ್ಯಾಸವಿತ್ತು. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಸ್ಪಷ್ಟವಾಗಿ.

"ನಿನ್ನೆ ಎಷ್ಟು ಹೊತ್ತಿಗೆ ಮನೆಗೆ ಬಂದ್ರಿ?"

"ಕತ್ತಲಾದ ಮೇಲೆ."

"ತಮ್ಮನ್ನ ನೋಡಲಿಲ್ವಾ?"

"ಅವನು ರೂಮಿನ ಬಾಗಿಲು ಹಾಕ್ಕೊಂಡು ಕೂತಿರ್ತಾನೆ. ಊಟಕ್ಕೆ ಕರೆದರೂ ಬರಲ್ಲ. ಹಸಿವಾದಾಗ ಬಂದು ತಾನೇ ಬಡಿಸ್ಕೋತಾನೆ."

"ನಿಮಗೆ ಈ ಸೈಟು ಗೀಟು ಬರುತ್ತಾ?"

"ಎಲ್ಲಿಂದ ಬರಬೇಕು? ಫೋನಲ್ಲಿ ಮಾತಾಡೋಕೆ ಬರುತ್ತೆ, ಅಷ್ಟೇ."

ಗೋಡೆಯ ಮೇಲೆ ಒಂದು ಹುಡುಗಿಯ ಫೋಟೋ. ಮುಂದಿನ ಹಲ್ಲು ಬಿದ್ದಿತ್ತು. ಬಾಯಿ ತುಂಬ ನಗು.

"ಮಗಳು," ಎಂದಳು ಅಕ್ಕ. "ಹೋದ ವರ್ಷ ಜ್ವರ ಬಂತು. ಉಳೀಲಿಲ್ಲ."

"ಗಂಡ?"

"ಅವಳಿದ್ದಾಗಲೇ ಬಿಟ್ಟುಹೋದ್ರು. ಆಮೇಲೆ ನಾನೂ ತಮ್ಮನೂ ಇಬ್ಬರೇ."

ಇನ್ಸ್‌ಪೆಕ್ಟರ್ ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಒಳಗೆ ಧಗೆ. ಒಂದೇ ಕಿಟಕಿ, ಅದಕ್ಕೂ ಚಿಲಕ. ಇಂಥ ಸೆಕೆಯಲ್ಲಿ ಯಾರಾದರೂ ಕಿಟಕಿ ಹಾಕುತ್ತಾರೆಯೇ? ಚಿಲಕ ತುಕ್ಕು ಹಿಡಿದಿತ್ತು. ಆ ತುಕ್ಕಿನ ಮೇಲೆ ಹೊಳೆಯುವ ಹೊಸ ಗೀರು. ಎಷ್ಟೋ ಕಾಲದಿಂದ ಎಳೆಯದ ಚಿಲಕವನ್ನು ಯಾರೋ ಮೊನ್ನೆ ಮೊನ್ನೆ ಒತ್ತಿ ಎಳೆದಿದ್ದರು.

ಅವಳು ಚಿಲಕ ತೆಗೆದು ಕೆಳಗೆ ಬಗ್ಗಿ ನೋಡಿದಳು. ಎದುರಿಗೆ ಪಕ್ಕದ ಕಟ್ಟಡದ ಕಿಟಕಿಯಿಲ್ಲದ ಗೋಡೆ, ನೇರ ಕೆಳಗೆ ಓಣಿ. ಹೆಣದ ಮೇಲೆ ಬಟ್ಟೆ ಹೊದಿಸುತ್ತಿದ್ದರು.

* * *

ಶವಪರೀಕ್ಷೆ ಮಾಡಿದ ಡಾಕ್ಟರು ಫೋನಿನಲ್ಲೇ ಹೇಳಿದರು.

"ಸೊಂಟ ಮುರಿದಿದೆ. ತಲೆಗೆ ಏನೂ ಆಗಿಲ್ಲ. ಒಳಗೇ ರಕ್ತ ಸೋರಿ ಸತ್ತಿದ್ದಾನೆ. ನಿಧಾನಕ್ಕೆ."

"ನಿಧಾನ ಅಂದ್ರೆ?"

"ರಾತ್ರಿ ಬಹಳ ಹೊತ್ತು ಜೀವ ಇತ್ತು. ಎಚ್ಚರಾನೂ ಇತ್ತು. ಆಸ್ಪತ್ರೆಗೆ ತಂದಿದ್ದರೆ ಬದುಕ್ತಿದ್ದ."

ಇನ್ಸ್‌ಪೆಕ್ಟರ್ ಫೋನಿಟ್ಟಳು. ಮೇಜಿನ ಮೇಲೆ ಸೈಟು ತೆರೆದೇ ಇತ್ತು. ಅವನು ಓಣಿಯಲ್ಲಿ ಮಣ್ಣು ಕೆರೆಯುತ್ತಿದ್ದಷ್ಟು ಹೊತ್ತೂ ಇಲ್ಲಿ ಜನ ನಗುತ್ತಿದ್ದರು.

* * *

ಸಿಕ್ಕಿಬಿದ್ದವನು ಡಬ್ಬಿ. ಹೊಸ ಫೋನಿನ ಡಬ್ಬಿ ಬಿಚ್ಚುವ ವಿಡಿಯೋ ಮಾಡಿ ಮಾಡಿ ಅದೇ ಹೆಸರು ಅಂಟಿಕೊಂಡಿತ್ತು. ಸೈಟಿನಲ್ಲಿ ಫೋನಪ್ಪನ ಪಾಲುದಾರ. ಹಿಂದಿನ ದಿನ ತಾರಸಿಯಲ್ಲಿ ಇಬ್ಬರೂ ಕಿರುಚಾಡಿದ್ದನ್ನು ಪಕ್ಕದ ಕಟ್ಟಡದವರು ಕೇಳಿದ್ದರು.

ಠಾಣೆಯ ಬೆಂಚಿನ ಮೇಲೆ ಅವನು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಗೆಳೆಯ ಸತ್ತಿದ್ದ, ಇವನ ಕಣ್ಣು ಒಣಗಿತ್ತು.

"ಜಗಳ ಆಡಿದೆ. ತಳ್ಳಲಿಲ್ಲ," ಎಂದ.

"ಸೈಟಿನ ಪಾಸ್‌ವರ್ಡ್ ಯಾರ ಹತ್ರ ಇತ್ತು?"

"ಅವನ ಹತ್ರ, ನನ್ನ ಹತ್ರ. ಅವನ ಲ್ಯಾಪ್‌ಟಾಪ್ ಮಾತ್ರ ಯಾವಾಗಲೂ ತೆರೆದೇ ಇರ್ತಿತ್ತು."

"ಪಟ್ಟಿ ಹಾಕಿರೋದು ಆ ಲ್ಯಾಪ್‌ಟಾಪಿಂದಾನೇ. ನೀನು ಅಲ್ಲಿದ್ದೆ."

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಡಬ್ಬಿ ಹಳಸಿದ್ದನ್ನು ಮೂಸಿದವನಂತೆ ಮುಖ ಕಿವಿಚಿದ.

"ಇದನ್ನ ನಾನು ಹಾಕಿದೆ ಅಂತೀರಾ? ಕೊಲೆ ಮಾಡಿದೆ ಅಂತ ಬೇಕಾದ್ರೆ ಹೇಳಿ, ಇಷ್ಟು ಕೆಟ್ಟದಾಗಿ ಪಟ್ಟಿ ಹಾಕಿದೆ ಅಂತ ಹೇಳ್ಬೇಡಿ. ಪರದೆಗೆ ತಕ್ಕಂತೆ ಬದಲಾಗದ ಹಾಗೆ ಪಟ್ಟಿಯ ಅಗಲ ಕಟ್ಟಿಹಾಕಿದ್ದಾರೆ, ನೋಡಿ. ಕಂಪ್ಯೂಟರಲ್ಲಿ ಸರಿಯಾಗಿ ಕಾಣುತ್ತೆ. ಫೋನಲ್ಲಿ ಕೊನೇ ಅಕ್ಷರ ಆಚೆ ಹೋಗುತ್ತೆ. ಹೊಸಬರು ಮಾಡೋ ತಪ್ಪು ಇದು."

"ಹಾಗಾದ್ರೆ ಅವನೇ ಆತುರದಲ್ಲಿ ಹಾಕಿರಬೇಕು."

"ಅವನಾ?" ಡಬ್ಬಿ ನಕ್ಕ. "ಅವನಿಗೆ ಕೆಂಪೂ ಹಸಿರೂ ಒಂದೇ ಮೇಡಂ. ಹುಟ್ಟಿದಾಗಿನಿಂದ ಹಾಗೇ. ಈ ಪಟ್ಟಿ ಅವನ ಕಣ್ಣಿಗೆ ಬರೀ ಕೆಸರು. ಅಕ್ಷರ ಇದೆ ಅಂತಾನೂ ಗೊತ್ತಾಗಲ್ಲ. ಅದಕ್ಕೇ ನಮ್ಮ ಸೈಟು ಪೂರ್ತಿ ನೀಲಿ, ಹಳದಿ."

ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದಳು. ತಾನೇ ಓದಲಾಗದ ಬಣ್ಣದಲ್ಲಿ ಯಾರೂ ಕೊನೆಯ ಮಾತು ಬರೆಯುವುದಿಲ್ಲ. ಅಂದರೆ ಇದು ಆತ್ಮಹತ್ಯೆಯಲ್ಲ.

"ಜಗಳ ಯಾತಕ್ಕೆ?"

"ತಮಾಷೆ ಮೂಲೆ ಅಂತ ಒಂದು ಅಂಕಣ ಇದೆ. ಓದುಗರು ಪೆದ್ದುಪೆದ್ದಾಗಿ ಏನೇನೋ ಕೇಳ್ತಾರಲ್ಲ, ಅದನ್ನ ಹಾಕಿ ಆಡ್ಕೊಳ್ಳೋದು. ಅದರಲ್ಲಿ ಒಂದನ್ನ ತೆಗಿ ಅಂದ. ಅದನ್ನೇ ಜನ ಜಾಸ್ತಿ ಓದಿರೋದು, ತೆಗೆಯಲ್ಲ ಅಂದೆ. ಅವನದು ಮೆತ್ತನೆ ಸ್ವಭಾವ. ಕೂಗಾಡಿದ, ಸುಮ್ಮನಾದ."

"ಯಾವುದದು? ತೋರಿಸು."

ಡಬ್ಬಿ ಆ ಪುಟ ತೆರೆದ. ತಲೆಬರಹ: 'ಸತ್ತವರಿಗೂ ಬಣ್ಣ ಬೇಕಂತೆ'. ಕೆಳಗೆ ನಾಲ್ಕೇ ಸಾಲು.

'ಒಬ್ಬ ತಾಯಿ ಕೇಳುತ್ತಾರೆ: ತೀರಿಕೊಂಡ ಮಗಳ ನೆನಪಿಗೆ ಸೈಟ್ ಮಾಡುತ್ತಿದ್ದೇನೆ, ಗಿಳಿಹಸಿರು ಪಟ್ಟಿಯ ಮೇಲೆ ಕೆಂಪು ಅಕ್ಷರ ಹಾಕುವುದು ಹೇಗೆ? ಅಮ್ಮಾ, ಓದಬೇಕಾದವಳು ಬರುವುದಿಲ್ಲ. ಯಾವ ಬಣ್ಣವಾದರೇನು?'

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದಳು.

"ಇದನ್ನ ಬರೆದದ್ದು ಫೋನಪ್ಪನಾ?"

ಡಬ್ಬಿ ಮೊದಲ ಸಲ ನೋಟ ತಪ್ಪಿಸಿದ. "ಹೆಸರು ಅವನದೇ ಇರ್ತಿತ್ತು. ಬರೆಯೋದು ನಾನು. ಓದುಗರ ಮೇಲ್ ಎಲ್ಲಾ ನನಗೇ ಬರೋದು. ಅವನಿಗೆ ಫೋನು, ಸೈಟಿನ ಕೋಡ್ ಬಿಟ್ಟು ಬೇರೆ ಏನೂ ಬೇಕಿರಲಿಲ್ಲ."

"ಆ ಮೇಲ್ ತೋರಿಸು."

ಮೇಲ್ ಕಳಿಸಿದವರ ಜಾಗದಲ್ಲಿ 'ಒಬ್ಬ ತಾಯಿ' ಎಂದಷ್ಟೇ ಇತ್ತು. ಕೆಳಗೆ ಅವಳು ಕಟ್ಟುತ್ತಿದ್ದ ಸೈಟಿನ ವಿಳಾಸ. "ಅದನ್ನ ನಾನು ತೆರೆದೇ ನೋಡಿರಲಿಲ್ಲ," ಎಂದ ಡಬ್ಬಿ. ಪೇದೆ ತನ್ನ ಫೋನಿನಲ್ಲಿ ಅದನ್ನು ತೆರೆದ. ಗಿಳಿಹಸಿರು ಪಟ್ಟಿ, ಕೆಂಪು ಅಕ್ಷರ: 'ನನ್ನ ಗಿಣಿಮರಿ, ನೀನು ಎಲ್ಲಿದ್ದರೂ ನಗುತ್ತಾ ಇ'. ಉಳಿದದ್ದು ಪರದೆಯಾಚೆ.

ಅದರ ಕೆಳಗೆ, ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಬಾಯಿ ತುಂಬ ನಗುತ್ತಿದ್ದಳು.

"ನಿನ್ನೆ ವಾಪಸ್ ಹೋಗುವಾಗ ಯಾರಾದ್ರೂ ಸಿಕ್ಕಿದ್ರಾ?" ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದಳು.

"ಮೆಟ್ಟಿಲ ಮೇಲೆ ಅಕ್ಕ ಸಿಕ್ಕಿದ್ರು. ಊಟ ಮಾಡ್ಕೊಂಡು ಹೋಗೋ ಅಂದ್ರು. ಇನ್ನೂ ಬಿಸಿಲಿತ್ತು, ಬೇಡ ಅಂದೆ." ಅಷ್ಟು ಹೇಳಿದವನೇ ಪೇದೆಯ ಕೈಯಲ್ಲಿದ್ದ ಫೋಟೋ ಕಡೆ ನೋಡಿದ. ಅವನ ಬಾಯಿ ತೆರೆದೇ ಉಳಿಯಿತು.

* * *

ಅಕ್ಕ ಊಟದ ಮೇಜು ಒರೆಸುತ್ತಿದ್ದಳು. ಇನ್ಸ್‌ಪೆಕ್ಟರ್ ಎದುರಿಗೆ ಕೂತಳು. ಪೇದೆ ಬಾಗಿಲಲ್ಲಿ ನಿಂತ.

"ಕತ್ತಲಾದ ಮೇಲೆ ಬಂದೆ ಅಂದ್ರಿ. ಬಿಸಿಲಿರುವಾಗಲೇ ಮೆಟ್ಟಿಲ ಮೇಲೆ ಡಬ್ಬಿಗೆ ಸಿಕ್ಕಿದ್ರಿ."

ಅಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ.

"ಅವನು ಹೊರಟುಹೋದದ್ದು ಎದುರಿನ ಅಂಗಡಿಯ ಕ್ಯಾಮೆರಾದಲ್ಲಿದೆ. ನಿಮ್ಮ ತಮ್ಮನ ಫೋನಿನ ಗಾಜು ಒಡೆದಿದ್ರೂ ಒಳಗಿನ ಫೋಟೋ ಉಳಿದಿವೆ. ಕೊನೇದು ಸೂರ್ಯ ಮುಳುಗೋದು. ಡಬ್ಬಿ ಹೋದ ಮೇಲೂ ಅವನು ಬದುಕಿದ್ದ. ಆಗ ಈ ಕಟ್ಟಡದಲ್ಲಿ ಇದ್ದದ್ದು ನೀವೊಬ್ಬರೇ."

"ಹಾರಿದ್ದಾನೆ. ಬರೆದಿಟ್ಟಿದ್ದಾನಲ್ಲ."

"ಅವನಿಗೆ ಆ ಬಣ್ಣ ಕಾಣಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೂ ಅದನ್ನೇ ಹಾಕಿದ್ರಿ. ಬೇರೆ ದಾರಿ ಇರಲಿಲ್ಲ. ನಿಮಗೆ ಬರ್ತಿದ್ದದ್ದು ಆ ಒಂದು ಪಟ್ಟಿಯ ಕೋಡ್ ಮಾತ್ರ. ಮಗಳಿಗೋಸ್ಕರ ಕಷ್ಟಪಟ್ಟು ಕಲಿತದ್ದು. ಅದನ್ನೇ ತಂದು ಅಂಟಿಸಿ, ಮಾತು ಮಾತ್ರ ಬದಲಾಯಿಸಿದ್ರಿ. ಬಣ್ಣ ಅದೇ. ಅಗಲ ಅದೇ. ತಪ್ಪೂ ಅದೇ."

ಅಕ್ಕ ಬಟ್ಟೆಯನ್ನು ಮಡಿಸಿ ಮೇಜಿನ ಅಂಚಿಗಿಟ್ಟಳು.

"ಅವನನ್ನೇ ಕೇಳಬಹುದಿತ್ತು," ಎಂದಳು. "ಮೇಲೇ ಇದ್ದ. ಆದರೆ ನಾನು ಏನು ಕೇಳಿದ್ರೂ 'ಅಯ್ಯೋ ಅಕ್ಕಾ, ಅಷ್ಟೂ ಬರಲ್ವಾ' ಅಂತಿದ್ದ. ಮಗಳ ವಿಷಯದಲ್ಲಿ ಆ ಮಾತು ಕೇಳೋಕೆ ಇಷ್ಟ ಇರಲಿಲ್ಲ. ಅದಕ್ಕೇ ಹೆಸರು ಹಾಕದೆ ಕಳಿಸಿದೆ. ಅವನು ಊರಿಗೆಲ್ಲ ಹಂಚಿದ. ಕ್ಲಿನಿಕ್ಕಲ್ಲಿ ಹಲ್ಲು ನೋವು ಅಂತ ಬಂದವರು ನನ್ನ ಮುಂದೆಯೇ ಅದನ್ನ ಓದಿ ನಗೋರು. ನಾನು ಅವರ ಸರದಿ ಕೂಗ್ತಿದ್ದೆ."

"ನಿನ್ನೆ?"

"ಬಟ್ಟೆ ತರೋಕೆ ತಾರಸಿಗೆ ಹೋದೆ. ಮೋಟುಗೋಡೆ ಮೇಲೆ ಕೂತು ಹೊಸ ಫೋನಲ್ಲಿ ಫೋಟೋ ತೆಗೀತಿದ್ದ. ಹೇಳಿಬಿಟ್ಟೆ. ಆ ತಾಯಿ ನಾನೇ ಕಣೋ, ತೆಗೆದುಹಾಕು ಅಂದೆ. ಪರದೆಯಿಂದ ತಲೆ ಎತ್ತಲಿಲ್ಲ. 'ನಾನು ಬರೆದದ್ದಲ್ಲಕ್ಕಾ, ನಾಳೆ ತೆಗೆಸ್ತೀನಿ, ಒಂದ್ನಿಮಿಷ, ಬೆಳಕು ಹೋಗುತ್ತೆ' ಅಂದ." ಅವಳ ತುಟಿ ಬಿಗಿಯಿತು. "ಸುಳ್ಳು. ಕೆಳಗೆ ಅವನದೇ ಹೆಸರಿತ್ತು. ಆ ಹೊತ್ತಲ್ಲೂ ನನ್ನ ಮುಂದೆ ಸುಳ್ಳು."

"ತಳ್ಳಿದ್ರಿ."

"ತಳ್ಳಿದೆ."

"ಆಮೇಲೆ ಅವನು ಕೂಗ್ತಿದ್ದ."

ಅಕ್ಕ ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ನೋಡಿ, ತಳ್ಳಿದ್ದು ಸಿಟ್ಟಿನಲ್ಲಿ ಅಂತ ನಿಮ್ಮ ವಕೀಲರು ಹೇಳಬಹುದು. ಜಡ್ಜ್ ಒಪ್ಪಲೂಬಹುದು. ಆದರೆ ಆಮೇಲೆ ನೀವು ಅಡುಗೆಮನೆಗೆ ಬಂದ್ರಿ. ತುಕ್ಕು ಹಿಡಿದ ಚಿಲಕ ಒತ್ತಿ ಎಳೆದ್ರಿ. ಕೆಳಗಿಳಿದಿದ್ದರೆ ಅವನು ಬದುಕ್ತಿದ್ದ, ಡಾಕ್ಟರೇ ಹೇಳಿದ್ರು. ಏನಂತ ಕೂಗ್ತಿದ್ದ?"

"ಅಕ್ಕಾ ಅಂತ." ಅವಳ ದನಿ ಕ್ಲಿನಿಕ್ಕಿನಲ್ಲಿ ಇರುತ್ತಿದ್ದಂತೆಯೇ ಇತ್ತು. "ಮಗಳೂ ಕೊನೆಗೆ ಅಮ್ಮಾ ಅಮ್ಮಾ ಅಂತಿದ್ಲು. ಆಗ ನನ್ನ ಕೈಲಿ ಏನೂ ಆಗಲಿಲ್ಲ. ಇವನೂ ಕೂಗಲಿ ಅನ್ನಿಸ್ತು."

ಇನ್ಸ್‌ಪೆಕ್ಟರ್ ಎದ್ದಳು. ಹೇಳದೆ ಇರಬಹುದಿತ್ತು. ಆದರೆ ಕೋರ್ಟಿನಲ್ಲಿ ಹೇಗೂ ಹೊರಗೆ ಬರುವ ಮಾತು. ಆ ಸದ್ದು ಕೇಳಿಯೂ ಚಿಲಕ ಎಳೆದವಳ ಮೇಲೆ ಅವಳಿಗೆ ಕರುಣೆ ಉಳಿದಿರಲಿಲ್ಲ.

"ನಿಮ್ಮ ತಮ್ಮ ಸುಳ್ಳು ಹೇಳಿರಲಿಲ್ಲ. ಬರೆದದ್ದು ಡಬ್ಬಿ. ಅವನೇ ಒಪ್ಪಿದ್ದಾನೆ. ನಿನ್ನೆ ನೀವು ಕೇಳುವ ಮುಂಚೆಯೇ ನಿಮ್ಮ ತಮ್ಮ ಅದನ್ನ ತೆಗಿ ಅಂತ ಜಗಳ ಆಡಿದ್ದ. ನಿಮ್ಮದು ಅಂತ ಗೊತ್ತಿಲ್ಲದೆ."

ಅಕ್ಕನ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಆಮೇಲೆ ಅವಳು ಮೇಜಿನ ಅಂಚು ಹಿಡಿದುಕೊಂಡಳು. ಬಾಯಿಂದ ಮಾತಲ್ಲದ ಒಂದು ಸದ್ದು ಬಂತು. ಪೇದೆ ಬೇರೆ ಕಡೆ ನೋಡಿದ.

"ಅವನಿಗೆ ನಾನು ಊಟ ಹಾಕ್ತಿದ್ದೆ," ಎಂದಳು. "ಡಬ್ಬಿಗೆ. ವಾರಕ್ಕೆರಡು ಸಲ."

ಮೆಟ್ಟಿಲಿಳಿಯುವಾಗ ಅಕ್ಕ ಕೇಳಿದಳು. "ಆ ಪುಟ ಈಗಲಾದರೂ ತೆಗೀತೀರಾ?"

"ಅದು ಸಾಕ್ಷಿ. ಯಾರೂ ಅಳಿಸೋ ಹಾಗಿಲ್ಲ."

* * *

ಗೇಟಿನ ಹತ್ತಿರ ಜನ ಸೇರಿದ್ದರು. ಎತ್ತಿದ ಕೈಗಳಲ್ಲೆಲ್ಲ ಫೋನು. ಅಕ್ಕನನ್ನು ಜೀಪಿಗೆ ಹತ್ತಿಸುವಷ್ಟರಲ್ಲಿ ಡಬ್ಬಿ ಜನರನ್ನು ಸರಿಸಿಕೊಂಡು ಇನ್ಸ್‌ಪೆಕ್ಟರ್ ಬಳಿ ಬಂದ. ಅಕ್ಕನ ಕಡೆ ತಿರುಗಲಿಲ್ಲ.

"ನನ್ನ ಮೇಲೆ ಕೇಸ್ ಇದೆಯಾ ಮೇಡಂ?"

"ಇಲ್ಲ." ಅವಳು ಕಾನೂನನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದ್ದಳು. ನಾಲ್ಕು ಸಾಲಿನ ತಮಾಷೆಗೆ ಯಾವ ಸೆಕ್ಷನ್ನೂ ಸಿಕ್ಕಿರಲಿಲ್ಲ.

ಡಬ್ಬಿ ಉಸಿರು ಬಿಟ್ಟ. "ಹಾಗಾದ್ರೆ ಸೈಟ್ ವಾಪಸ್ ಕೊಡ್ತೀರಲ್ಲ? ಪಾಸ್‌ವರ್ಡ್ ಬದಲಾಯಿಸಿಬಿಟ್ಟಿದ್ದೀರಿ. ಇವತ್ತು ಯಾವತ್ತೂ ಬರದಷ್ಟು ಜನ ಬರ್ತಿದ್ದಾರೆ. ಅವನ ಬಗ್ಗೆ ಒಂದೆರಡು ಮಾತು ಹಾಕೋಣ ಅಂತ."

"ಕೇಸ್ ಮುಗಿಯೋವರೆಗೂ ಸೈಟ್ ನಮ್ಮ ವಶದಲ್ಲಿರುತ್ತೆ. ಈಗ ಹೇಗಿದೆಯೋ ಹಾಗೇ. ಒಂದಕ್ಷರ ಸೇರಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ."

"ಎಷ್ಟು ದಿನ ಆಗಬಹುದು?"

"ದಿನ ಅಲ್ಲ, ವರ್ಷಗಳು. ಮೇಲಿನ ಕೋರ್ಟಿಗೆ ಹೋದರೆ ಇನ್ನೂ ಜಾಸ್ತಿ."

"ಅಷ್ಟರಲ್ಲಿ ಒಬ್ಬ ಓದುಗನೂ ಉಳಿಯಲ್ಲ ಮೇಡಂ. ಸತ್ತೇಹೋಗುತ್ತೆ ಅದು."

ಇನ್ಸ್‌ಪೆಕ್ಟರ್ ಜೀಪು ಹತ್ತಿದಳು. ಡ್ರೈವರು ಗಾಡಿ ತಿರುಗಿಸುವಾಗ ಕನ್ನಡಿಯಲ್ಲಿ ಡಬ್ಬಿ ಕಂಡ. ಗೇಟಿಗೆ ಒರಗಿ, ಅಂಗೈಯಲ್ಲಿ ಕಣ್ಣು ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅಳುತ್ತಿದ್ದ.