ನನ್ನಿಗನ ಮನಸ್ಸು ಎಲ್ಲಿ ಹೋಯಿತು

ಬಹಳ ಬಹಳ ಹಿಂದೆ, ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಸಾಲೆ ಎಂಬ ರಾಜ್ಯದಲ್ಲಿ ಅಕ್ಕ ತಮ್ಮ ಇದ್ದರು. ಅಕ್ಕ ಚಂದವ್ವೆ ಹಾಡುಗಾರ್ತಿ. ತಮ್ಮ ನನ್ನಿಗನಿಗೆ ಅವಳೇ ಕಿನ್ನರಿ ನುಡಿಸಲು ಕಲಿಸುತ್ತಿದ್ದಳು. ಅವನೋ ತಂತಿ ಮುಟ್ಟುವ ಮೊದಲೇ ಆಕಳಿಸುವ ಮಹಾಶಯ.

ಒಂದು ಮಧ್ಯಾಹ್ನ ಅವಳ ಹಾಡಿಗೆ ಮಂಕಭೂತನೆಂಬ ಮಾಂತ್ರಿಕನ ನಿದ್ದೆ ಕೆಟ್ಟಿತು. ಅವನು ಸಿಟ್ಟಿನಿಂದ ಬಂದು ಅವಳ ಮೇಲೆ ಮಂಕುಬೂದಿ ಎರಚಿದ. ಚಂದವ್ವೆ ಮೈನಾ ಹಕ್ಕಿಯಾದಳು.

"ಇವಳ ಹಾಡನ್ನು ತಮ್ಮ ಎಲ್ಲೂ ತಪ್ಪದೆ ಕಿನ್ನರಿಯಲ್ಲಿ ನುಡಿಸಿದರೆ ಮತ್ತೆ ಹೆಣ್ಣಾಗುತ್ತಾಳೆ. ಅಷ್ಟರೊಳಗೆ ಇವಳು ಒಂದೊಂದಾಗಿ ಮಾತೆಲ್ಲ ಮರೆತರೆ ಕೊನೆವರೆಗೂ ಹಕ್ಕಿಯೇ," ಎಂದು ನಕ್ಕು ಹೋದ. ನನ್ನಿಗನ ಆಕಳಿಕೆ ಅವನಿಗೂ ಗೊತ್ತಿತ್ತು.

ನನ್ನಿಗ ಕಿನ್ನರಿ ಹಿಡಿದು ಕೂತ. ಅಕ್ಕ ಎಂದರೆ ಪ್ರಾಣ, ಆದರೂ ಬೆರಳು ಏಳಲಿಲ್ಲ. ಯಾಕೆಂದು ಅವನಿಗೇ ತಿಳಿಯದೆ ಅಳು ಬಂತು.

"ಅಕ್ಕಾ, ಮನಸ್ಸೇ ಬರ್ತಿಲ್ಲ."

"ಬರದಿದ್ರೆ ಹೋಗಿ ಕರ್ಕೊಂಡು ಬಾ," ಮೈನಾ ಗದರಿತು.

ಸಿಟ್ಟಿಗೆ ಅಂದ ಮಾತದು. ನಮ್ಮ ಜಾಣ ಅದನ್ನೇ ನಿಜವೆಂದುಕೊಂಡು, ಕಿನ್ನರಿ ಬೆನ್ನಿಗೆ ಕಟ್ಟಿ, ಮೈನಾವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟ.

ಕಾಡಿನಲ್ಲಿ ಕರಡಿಯೊಂದು ದಾರಿಗೆ ಅಡ್ಡ ಕೂತಿತ್ತು.

"ನನ್ನ ಮನಸ್ಸು ಈ ಕಡೆ ಬಂತಾ?"

"ನೋಡೋಕೆ ಹೇಗಿರುತ್ತೆ?"

"ಗೊತ್ತಿಲ್ಲ."

"ಮತ್ತೆ ನಾನೇನು ಹೇಳಲಿ? ನನ್ನ ಮರಿ ರಚ್ಚೆ ಹಿಡಿದಿದೆ. ಅದನ್ನ ಮಲಗಿಸು, ದಾರಿ ಬಿಡ್ತೀನಿ."

ನನ್ನಿಗನಿಗೆ ಬರುತ್ತಿದ್ದದ್ದು ಅಕ್ಕನ ಹಾಡೊಂದೇ, ಅದೂ ಅರ್ಧಂಬರ್ಧ. ತಪ್ಪಿದಾಗೆಲ್ಲ ಮರಿ ಮತ್ತೆ ಅರಚಿತು, ಅವನು ಮತ್ತೆ ಮೊದಲಿಂದ ನುಡಿಸಿದ. ಕೊನೆಗೂ ಅದು ಮಲಗಿತು.

ಮುಂದೆ ಹೊಳೆ. ಅಲ್ಲಿ ಹಲ್ಲುನೋವಿನ ಮೊಸಳೆ.

"ನನ್ನ ಮನಸ್ಸು ಕಂಡೆಯಾ?"

"ಆಚೆ ದಡದ ಗವೀಲಿ ಮನಸ್ಸುಗಳನ್ನ ಕೂಡಿಟ್ಟಿದ್ದಾರಂತೆ. ನನ್ನ ಬೆನ್ನ ಮೇಲೆ ಹತ್ತು. ನೋವು ಮರೆಯೋ ಹಾಗೆ ನುಡಿಸ್ತಾ ಇರು."

ಕೈ ತಪ್ಪಿದರೆ ಮೊಸಳೆ ನೋವಿಗೆ ಮುಳುಗುತ್ತಿತ್ತು. ನೀರು ಕುಡಿದು ಕುಡಿದು ನನ್ನಿಗ ಆಚೆ ಸೇರಿದ.

ಗವಿಯಲ್ಲಿ ಮಂಕಭೂತನೇ ಕೂತಿದ್ದ. ಸುತ್ತಲೂ ಬಾಯಿ ಕಟ್ಟಿದ ಮಡಕೆಗಳು. ಒಂದೊಂದಕ್ಕೂ ಕಿವಿಗೊಟ್ಟು ಜನ ಕೂತಿದ್ದರು. ಅವರಲ್ಲೊಬ್ಬ ಮದ್ದಳೆಯವನ ಮದ್ದಳೆಗೆ ಜೇಡ ಬಲೆ ಕಟ್ಟಿತ್ತು.

"ನಿನ್ನ ಮನಸ್ಸೂ ಇಲ್ಲೇ ಇದೆ. ಯಾವ ಮಡಕೆ ಅಂತ ತಿಳಿಯೋವರೆಗೆ ಕೂತ್ಕೋ. ಅವಸರ ಏನು?" ಎಂದ ಮಂಕಭೂತ.

ಎಲ್ಲ ಮಡಕೆಯೂ ಒಂದೇ ಥರ. ನನ್ನಿಗ ಒಂದಕ್ಕೆ ಕಿವಿಗೊಟ್ಟ, ಇನ್ನೊಂದಕ್ಕೆ ಕೊಟ್ಟ. ತಲೆ ಗೊಂದಲದ ಗೂಡಾಯಿತು.

"ತಗೋ... ತಗೋ..." ಎಂದಿತು ಮೈನಾ. ಏನು ತಗೋಬೇಕೆಂದು ಅದಕ್ಕೆ ನೆನಪಾಗಲಿಲ್ಲ. ಕಿನ್ನರಿ ಎಂಬ ಮಾತೇ ಮರೆತಿತ್ತು. ಆಮೇಲೆ ಅವನ ಮುಖ ನೋಡಿ ಕೇಳಿತು, "ನೀನು ಯಾರು?"

ನನ್ನಿಗನ ಎದೆ ಒಡೆಯಿತು. ಮನಸ್ಸು ಎಲ್ಲಾದರೂ ಇರಲಿ ಎಂದು ಕಿನ್ನರಿ ಎತ್ತಿಕೊಂಡ. ಹಾಡಿನಲ್ಲಿ ಮರಿ ಅರಚುತ್ತಿದ್ದ ಜಾಗ ಬಂತು, ಬೆರಳು ದಾಟಿತು. ಮೊಸಳೆ ಮುಳುಗುತ್ತಿದ್ದ ಜಾಗವೂ ದಾಟಿತು. ಹಾಡು ಮುಗಿದದ್ದು ಅವನಿಗೆ ತಿಳಿಯಲೇ ಇಲ್ಲ. ಹೆಗಲು ಇದ್ದಕ್ಕಿದ್ದಂತೆ ಭಾರವಾಯಿತು.

"ಇಳಿಸೋ ನನ್ನಿಗ, ಬೀಳ್ತೀನಿ," ಎಂದಳು ಹೆಗಲ ಮೇಲಿದ್ದ ಚಂದವ್ವೆ.

ಇಬ್ಬರೂ ಮಡಕೆಗಳ ಮೇಲೆ ಬಿದ್ದರು. ಮಡಕೆಗಳು ಒಡೆದವು. ಒಳಗೆ ಏನೂ ಇರಲಿಲ್ಲ.

ಖಾಲಿ ಮಡಕೆ ಕಂಡ ಮದ್ದಳೆಯವನು ಬಲೆ ಕಿತ್ತು ಒಂದು ಪೆಟ್ಟು ಹಾಕಿದ. ಉಳಿದವರೂ ತಮ್ಮ ತಮ್ಮ ವಾದ್ಯ ನುಡಿಸಲು ಶುರು ಮಾಡಿದರು. ಇನ್ನೆಲ್ಲಿಯ ನಿದ್ದೆ? ಮಂಕಭೂತ ಕಿವಿಗೆ ಬೆರಳಿಟ್ಟು ಓಡಿದವನು ಮತ್ತೆ ಬರಲಿಲ್ಲ.

"ಹಾಗಾದ್ರೆ ನನ್ನ ಮನಸ್ಸು ಎಲ್ಲಿತ್ತು?" ದಾರಿಯಲ್ಲಿ ನನ್ನಿಗ ಕೇಳಿದ.

"ಯಾರಿಗೆ ಗೊತ್ತು? ನೀನು ನುಡಿಸ್ತಾ ಬಂದೆ, ಅದೂ ಹಿಂದೆ ಹಿಂದೆ ಬಂದಿರ್ಬೇಕು."

ಅವನು ತಿರುಗಿ ನೋಡಿದ. ಯಾರೂ ಕಾಣಲಿಲ್ಲ.

ಅವರೂ ಸುಖವಾಗಿದ್ದರು, ಊರೂ ಸುಖವಾಗಿತ್ತು. ಮಾರನೆಯ ಬೆಳಿಗ್ಗೆ ಮಾತ್ರ ನನ್ನಿಗ ಎಂದಿನಂತೆ ಆಕಳಿಸಿದ.

"ಅಕ್ಕಾ, ಮನಸ್ಸು ಬಂದಿಲ್ಲ."

"ಬರಲಿ ಬಿಡು. ಅಷ್ಟರಲ್ಲಿ ನೀನು ಶುರು ಮಾಡಿರು."

ನನ್ನಿಗ ಆಕಳಿಸುತ್ತಲೇ ತಂತಿ ಮೀಟಿದ.